ಗನಿಸಾಬನ ಉಸುಕಿನ ಗಡಿಗೆ

ವಾಡಿಯ ಗನಿಸಾಬನಿಗೆ ಸಿಟ್ಟು ಬಂದರೆ ಮದ್ರಾಸ್ ಮೇಲು ರೈಲು ಊರ ಹೊರಗೇ ನಿಂತು, ಅವನ ಬೈಗುಳ ಮುಗಿದ ಮೇಲೆ ಸ್ಟೇಶನ್ನಿಗೆ ಬರುತ್ತಿತ್ತು ಎಂದು ಜನ ಹೇಳುತ್ತಿದ್ದರು. ಇದು ಶುದ್ಧ ಸುಳ್ಳು. ಮೇಲು ನಿಲ್ಲುತ್ತಿರಲಿಲ್ಲ; ಸೀಟಿ ಹೊಡೆಯದೆ ಮೆತ್ತಗೆ ಬರುತ್ತಿತ್ತು, ಅಷ್ಟೇ.

ಗನಿಸಾಬ ಇಪ್ಪತ್ತು ವರ್ಷ ರೈಲು ಇಂಜಿನ್ನುಗಳ ಹೊಟ್ಟೆಯೊಳಗೆ ಕೈಹಾಕಿದ ಫಿಟ್ಟರು. ಕೆಲಸ ಬಿಟ್ಟ ಮೇಲೆ ಮನೆಯಂಗಳದ ಬೇವಿನ ಮರದ ಕೆಳಗೆ ಮೋಟಾರು ರಿಪೇರಿಗೆ ಕುಳಿತ. ನಿಜಾಮರ ರಾಜ್ಯದ ಈ ಮೂಲೆಯಲ್ಲಿ ಆಗ ಇದ್ದವೇ ಹತ್ತು ಹನ್ನೆರಡು ಮೋಟಾರು. ಸೇಡಂ, ಚಿತ್ತಾಪುರ, ಶಹಾಬಾದ್ ಎಲ್ಲಿಯದೇ ಆಗಲಿ, ಚಿಂಚೋಳಿಯ ಕಾಡುದಾರಿಯಲ್ಲಿ ಕೆಟ್ಟು ನಿಂತದ್ದೇ ಆಗಲಿ, ಕೊನೆಗೆ ಎತ್ತು ಹೂಡಿಸಿಕೊಂಡು ಆ ಬೇವಿನ ನೆರಳಿಗೇ ಬರಬೇಕು. ಮೋಟಾರಿನ ಜೊತೆ ಬಂದವರಿಗೆ ಸಲಹೆ ಪುಕ್ಕಟೆ. ಬೇಡ ಅಂದವರಿಗೆ ಎರಡು ಸಲ.

“ಮೊದಲ ಪೆಟ್ರೋಲ್ ನೋಡು. ಆಮ್ಯಾಲ ವಾಯರ್ ನೋಡು. ಇವೆರಡೂ ನೋಡದೇ ಪಾನಾ ಹಿಡದಿ ಅಂದ್ರ ಕೆಟ್ಟದ್ದು ಮೋಟಾರಲ್ಲ, ನಿನ್ನ ತಲಿ” ಎನ್ನುವುದು ರಿಪೇರಿಯ ಸಲಹೆ.

ಚುಟ್ಟಾದ ಸಲಹೆ ಇದಕ್ಕಿಂತ ಉದ್ದ. ವಾಡಿಯ ಬೇಸಿಗೆಯಲ್ಲಿ ಬಾಯಿಗಿಟ್ಟ ಚುಟ್ಟಾ ಕಡ್ಡಿ ಕೊರೆಯುವ ಮೊದಲೇ ಹೊತ್ತಿಕೊಳ್ಳುತ್ತಿತ್ತು. ಎಷ್ಟೋ ಜನರ ಮೀಸೆ ಹಾಗೇ ಹೋಗಿತ್ತು. ಗನಿಸಾಬನ ಚುಟ್ಟಾ ಮಾತ್ರ ಮೇ ತಿಂಗಳಲ್ಲೂ ಆಷಾಢದಲ್ಲಿದ್ದಂತೆ ಮೆತ್ತಗಿರುತ್ತಿತ್ತು. ಅಗಲ ಬಾಯಿಯ ಒಂದು ಗಡಿಗೆ, ಅದರಲ್ಲಿ ಅರ್ಧದವರೆಗೆ ಕಾಗಿಣಾ ಹೊಳೆಯ ಒದ್ದೆ ಉಸುಕು, ಮೇಲೆ ಒಂದು ಹಂಚಿನ ಚೂರು, ಹಂಚಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಚುಟ್ಟಾ, ಬಾಯಿಗೆ ಹಸಿ ಗೋಣಿತಟ್ಟು. “ಚುಟ್ಟಾಕ್ಕ ನೀರು ಹತ್ತಬಾರ್ದು, ನೀರಿನ ಗಾಳಿ ಹತ್ತಬೇಕು” ಎನ್ನುತ್ತಿದ್ದ.

ಮೂರನೆಯದು ಪೊಲೀಸರ ವಿಷಯ. “ಅವರಿಗೆ ಕೈ ಅದ, ಕಿವಿ ಇಲ್ಲ. ಕಿವಿ ಇಲ್ದವರ ಮುಂದ ಹಾಡಬ್ಯಾಡ, ದಾರಿ ಬಿಡು.”

ಈ ಮೂರರಲ್ಲಿ ಎರಡನೆಯ ಸಲಹೆಯೇ ಅವನ ಮನೆಗೆ ಬೆಂಕಿ ಹಚ್ಚಿತು.

ಅವನ ಹೆಂಡತಿ ಶಹರಬಾನುವಿನ ತಮ್ಮ ಹಾಜಿಮಲಂಗ್ ರಾವೂರಿನ ಬಳಿ ಬಸವಂತರಾಯ ಸಾಹುಕಾರರ ಕಲ್ಲಿನ ಖಣಿಯ ಬಂಗಲೆಯಲ್ಲಿ ಅಡುಗೆಯವನು. ಸಾಹುಕಾರರು ಕೊರಳಲ್ಲಿ ಲಿಂಗ ಕಟ್ಟಿದವರು. ಅವರ ಮನೆಯ ಹೊಸ್ತಿಲು ಮಾಂಸವನ್ನೂ ಕಂಡಿಲ್ಲ, ಹೊಗೆಯನ್ನೂ ಕಂಡಿಲ್ಲ. ಆದರೆ ಖಣಿಯ ಕಾಗದಕ್ಕೆ ಸಹಿ ಹಾಕುವ ಅಧಿಕಾರಿಗಳಿಗೆ ಎರಡೂ ಬೇಕು. ಅದಕ್ಕೇ ಊರ ಹೊರಗೆ ಆ ಬಂಗಲೆ, ಅದಕ್ಕೇ ಹಾಜಿಮಲಂಗ್. ಆ ವರ್ಷ ಸಾಹುಕಾರರು ಬೊಂಬಾಯಿಯಿಂದ ಒಂದು ಪೆಟ್ಟಿಗೆ ಸಿಗಾರು ತರಿಸಿದರು. ಇಪ್ಪತ್ತೈದು ಸಿಗಾರು, ಒಂದೊಂದರ ನಡುವಿಗೂ ಬಂಗಾರಬಣ್ಣದ ಕಾಗದದ ಉಂಗುರ. “ಜೋಪಾನ” ಎಂದು ಹಾಜಿಮಲಂಗನ ಕೈಗಿತ್ತರು. ಅವನು ಭಾವನ ಹತ್ತಿರ ಓಡಿ ಬಂದ. “ನನ್ನಂಗ ಗಡಿಗ್ಯಾಗ ಇಡು” ಎಂದ ಗನಿಸಾಬ. ಎಂಟು ದಿನಕ್ಕೊಮ್ಮೆ ತೆಗೆದು ಗಾಳಿಗಿಡು ಎಂಬ ಮಾತು ಹೇಳುವುದಕ್ಕೆ ಮರೆತ.

ಏಪ್ರಿಲ್ ತಿಂಗಳಲ್ಲಿ, ಜಿಲ್ಲೆಯ ಪೊಲೀಸರಿಗೆಲ್ಲ ದೊಡ್ಡವರಾದ ಮೊಹ್ತಮೀಮ್ ಸಾಹೇಬರು ಕರಿ ಮೋಟಾರಿನಲ್ಲಿ ಬಂಗಲೆಗೆ ಊಟಕ್ಕೆ ಬಂದರು. ಹಾಜಿಮಲಂಗ್ ಐದು ದಿನ ರಜೆಯ ಮೇಲೆ ಹೋಗಿ ಅದೇ ಬೆಳಗ್ಗೆ ಮರಳಿದ್ದ. ಊಟವಾಯಿತು, ಸಿಗಾರಿನ ಪೆಟ್ಟಿಗೆ ಬಂತು. ಸಾಹೇಬರು ಒಂದು ಹಚ್ಚಿ ಒಂದೇ ದಮ್ಮು ಎಳೆದರು. ಆಮೇಲೆ ಕೆಮ್ಮಿದರು. ಆ ಕೆಮ್ಮಿಗೆ ಖಣಿಯಲ್ಲಿ ಇನ್ನೂ ಸುರಂಗದ ಮದ್ದು ಇಡದ ಬಂಡೆ ಎರಡು ಸೀಳಿದವಂತೆ. ಪೆಟ್ಟಿಗೆ ನೋಡಿದರೆ ಸಿಗಾರುಗಳೆಲ್ಲ ಮುರುಟಿ, ಸುಟ್ಟ ಕಟ್ಟಿಗೆಯಂತಾಗಿ, ಉಂಗುರಗಳು ಜೋಲುತ್ತಿದ್ದವು.

ನಾಚಿಕೆಯಿಂದ ಬೆವೆತುಹೋದ ಸಾಹುಕಾರರ ಬಾಯಿಂದ ಬಂದದ್ದು ಒಂದೇ ಮಾತು: “ಈ ಬದ್ಮಾಶ್ ಬೊಂಬಾಯಿ ಮಾಲು ಮಾರ್ಕೊಂಡು ಸಂತಿ ಚುಟ್ಟಾ ಇಟ್ಟಾನ!”

ಸಾಹೇಬರು ಸಿಟ್ಟಿನಿಂದ ಎದ್ದು ಹೊರಟರೆ ಅವರ ಮೋಟಾರೂ ಏಳಲೊಲ್ಲದು. ರೈಲು ಹತ್ತುವ ಮೊದಲು ಠಾಣೆ ನೋಡಿಕೊಳ್ಳುವ ಅಮೀನನಿಗೆ ಹುಕುಂ ಕೊಟ್ಟರು: ಮೋಟಾರು ರಿಪೇರಿ ಮಾಡಿಸಿ, ಮೋಟಾರು, ಕಳ್ಳ, ಪೆಟ್ಟಿಗೆ ಮೂರನ್ನೂ ಒಟ್ಟಿಗೆ ಗುಲ್ಬರ್ಗಕ್ಕೆ ತಾ. ಆ ಠಾಣೆ ಯಾವ ಊರಿನದು ಎಂಬುದು ಬೇಡ. ಅಮೀನನ ಮೊಮ್ಮಕ್ಕಳು ಈಗಲೂ ಮೀಸೆ ತಿರುವುತ್ತಿದ್ದಾರೆ.

ಹೀಗೆ ಭಾವಮೈದುನ ಹಾಜಿಮಲಂಗನನ್ನು ಲಾಕಪ್ಪಿಗೆ ಹಾಕಿದ ಅಮೀನ, ಮೋಟಾರನ್ನು ಎಳೆಸಿಕೊಂಡು ಗನಿಸಾಬನ ಅಂಗಳಕ್ಕೇ ಬಂದ.

“ಗನಿಮಿಯಾ, ಜಲ್ದಿ ಆಗಬೇಕು.”

ಗನಿಸಾಬ ಪೆಟ್ರೋಲ್ ನಳಿಗೆ ಬಿಚ್ಚಿ ಊದಿದ. ಕಡಲೆಕಾಳಿನಷ್ಟು ಕಸ ಹೊರಗೆ ಬಿತ್ತು. ಕೆಟ್ಟದ್ದು ಅಷ್ಟೇ. ಆ ಕಸವನ್ನು ಕಾಲಿನಿಂದ ಮಣ್ಣಿಗೆ ಒತ್ತಿ, ಮುಖ ಗಂಟಿಕ್ಕಿಕೊಂಡು ನುಡಿದ:

“ಭಾಳ ಕಠಿಣ ಅದ ಹುಜೂರ್. ಕಾರ್ಬುರೇಟರ್‌ಗೆ ಮೂರ್ಛಿರೋಗ ಆಗ್ಯಾದ. ಎಂಟು ದಿನ ಬೇಕು.”

ಅಮೀನ ನಂಬಿದ. ಕಳ್ಳತನವನ್ನೇ ಹಾಗೆ ಸಲೀಸಾಗಿ ನಂಬಿದವನಿಗೆ ಕಾರ್ಬುರೇಟರ್ ಯಾವ ಲೆಕ್ಕ? ಮರುದಿನ ಮೋಟಾರಿನ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ತಾನೇ ತಂದು ಕಟ್ಟಿದ. ಆಮೇಲೆ ದಿನಾ ಬಂದು ಬೇವಿನ ಕೆಳಗೆ ಮಂಚದ ಮೇಲೆ ಕುಳಿತು ಕಾವಲು ಕಾಯತೊಡಗಿದ. ಕಾಯುವಾಗ ಬಾಯಿ ಸುಮ್ಮನಿರಬಾರದಲ್ಲ. ಜಪ್ತಿ ಮಾಡಿದ ಪೆಟ್ಟಿಗೆಯನ್ನೇ ತಂದು ಅದರಿಂದಲೇ ಒಂದೊಂದು ಸೇದಿದ. ಕೆಮ್ಮುತ್ತ, ಕಣ್ಣೀರು ಒರೆಸುತ್ತ, “ಬೊಂಬಾಯಿ ಮಾಲಂದ್ರ ಬೊಂಬಾಯಿ ಮಾಲು ನೋಡು!” ಎಂದ.

ಮೋಟಾರಿನ ಕೆಳಗೆ ಮಲಗಿದ್ದ ಗನಿಸಾಬ ಇದನ್ನು ಕೇಳಿಸಿಕೊಂಡ. ಸಂತೆಯ ಚುಟ್ಟಾ ಎಂದು ಕಾಗದದಲ್ಲಿ ಬರೆದವನೂ ಇವನೇ, ಬೊಂಬಾಯಿಯದು ಎಂದು ಸೇದುವವನೂ ಇವನೇ. ಹೊರಗೆ ಬಂದು, ಕೈಮುಗಿದು, “ನನಗೂ ಒಂದು ಕೊಡ್ರಿ ಸರ್ಕಾರ್” ಎಂದ. ಸರ್ಕಾರ್ ಅನಿಸಿಕೊಂಡ ಅಮೀನ ಉಬ್ಬಿ ದಿನಕ್ಕೊಂದು ಎಸೆದ. ಐದಾದವು. ಒಂದನ್ನೂ ಗನಿಸಾಬ ಸೇದಲಿಲ್ಲ.

ಎರಡನೆಯ ದಿನವೇ ಶಹರಬಾನು ಸೌಟು ಹಿಡಿದುಕೊಂಡು ಅಂಗಳಕ್ಕೆ ಬಂದಳು. ಅಮೀನ ಆಗಷ್ಟೇ ಊಟಕ್ಕೆ ಎದ್ದು ಹೋಗಿದ್ದ.

“ನನ್ನ ತಮ್ಮನ ಅಂಗಾಲ ಮ್ಯಾಲ ಬೆತ್ತ ಮುರೀಲಿಕತ್ಯಾನ ಆ ಹರಾಮಿ. ನೀವು ಅವನ ಸಾಹೇಬನ ಮೋಟಾರ್ ವರಸ್ಲಿಕತ್ತೀರಿ. ನಾಚಿಕಿ ಅದ ಏನ್ ನಿಮಗ?”

“ಮೆಲ್ಲಕ ಮಾತಾಡು.”

“ಯಾಕ? ಮೇಲ್ ಗಾಡಿ ಹೆದರ್ತದಾ? ಗಡಿಗ್ಯಾಗ ಇಡು ಅಂದವ್ರು ಯಾರು? ನಿಮ್ಮ ಸಲಹಾಕ್ಕ ಬೆಂಕಿ ಹಚ್ಚ! ಸಲಹಾ ನಿಮ್ದು, ಹೊಡ್ತ ಅವನ್ದು!”

ಗನಿಸಾಬ ಪಾನಾ ಕೆಳಗಿಟ್ಟ. ಎರಡು ದಿನದಿಂದ ತಾನೇ ತನಗೆ ಹೇಳಿಕೊಳ್ಳುತ್ತಿದ್ದ ಮಾತು ಅದು.

“ಕೇಳು. ಇದು ಅರ್ಧ ತಾಸಿನ ಕೆಲಸ. ಎಂಟು ದಿನ ಎಳ್ಯಾಕತ್ತೀನಿ. ಮೋಟಾರ್ ಎದ್ದ ದಿನ ನಿನ್ನ ತಮ್ಮ ಗುಲ್ಬರ್ಗಾ ಜೇಲಿಗಿ ಹೋಗ್ತಾನ.”

“ಇಲ್ಲಿ ಇದ್ರ ಹೊಡ್ತ, ಅಲ್ಲಿ ಹೋದ್ರ ಜೇಲು. ಯಾವ್ದು ಚೊಲೋ ನೀವೇ ಆರಿಸ್ರಿ!”

ಗನಿಸಾಬ ಕಿಸೆಯಿಂದ ಒಂದು ಸಿಗಾರು ತೆಗೆದು ಅವಳ ಮೂಗಿಗೆ ಹಿಡಿದ. ಶಹರಬಾನು ಮೂರು ಸಲ ಸೀನಿದಳು. ನಾಲ್ಕನೆಯದಕ್ಕೆ ಬೇವಿನ ಮರದ ಗುಬ್ಬಿಗಳೆಲ್ಲ ಚಿತ್ತಾಪುರದ ಕಡೆ ಹಾರಿದವು.

“ಮೆಣಸಿನಕಾಯಿ!”

“ಬೀಜ ನೋಡಿಲ್ಲಿ, ಮಡಚಿನೊಳಗ ಸಿಕ್ಕೊಂಡದ. ಆ ಬಂಗಲ್ಯಾಗ ಮೆಣಸಿನಕಾಯಿ ಯಾರು ಒಣಗಸ್ತಾರ?”

“ಸಾಹುಕಾರ್ತಿ. ವರ್ಷಾ ವರ್ಷಾ, ಅಲ್ಲೇ ಮಾಳಿಗಿ ಮ್ಯಾಲ...” ಎಂದವಳು ಅಲ್ಲಿಗೇ ನಿಲ್ಲಿಸಿ, ಸೌಟನ್ನು ಗಂಡನ ಕೈಗೆ ಕೊಟ್ಟು, ಸೆರಗು ಹೊದ್ದುಕೊಂಡು ರಾವೂರಿನ ದಾರಿ ಹಿಡಿದಳು.

ಸಾಹುಕಾರರ ಹೆಂಡತಿ ಶಿವಕಾಂತಮ್ಮ ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಕೇಳಿದ ಕೂಡಲೇ ನೇರವಾಗಿ ಹೇಳಿದಳು.

“ಹೂಂ ತಾಯಿ, ನಾನೇ ಒಣಗಿಸ್ದೆ. ಆ ಗಡಿಗಿಯೊಳಗ ಇಟ್ಟು ಬೆಳ್ಳಗ ಬೂಸು ಹಿಡದಿತ್ತು. ಜ್ವಾಳ ಆಗ್ಲಿ ಬ್ಯಾಳಿ ಆಗ್ಲಿ, ಬೂಸು ಬಂದ್ರ ಬಿಸಿಲಿಗಿ ಹಾಕೂದು. ಆ ಹುಡುಗ ಊರಾಗ ಇರಲಿಲ್ಲ. ಹಾಸುಗಲ್ಲಿನ ಮಾಳಿಗಿ ಮ್ಯಾಲ ಮೆಣಸಿನಕಾಯಿ ಸಂಗಾಟ ನಾಕು ದಿನ ಹಾಕ್ದೆ. ಹಾಸುಗಲ್ಲಿನ ಮ್ಯಾಲ ರೊಟ್ಟಿ ಬೇಯ್ತಾವ, ಅಂಥಾ ಬಿಸಲು. ಗಲಗಲ ಅನ್ನಂಗ ಒಣಗಿದ್ವು, ಪೆಟಗಿಯೊಳಗ ತುಂಬಿಟ್ಟೆ. ಯಾಕ, ಏನಾತು?”

ಏನಾಯಿತೆಂದು ಶಹರಬಾನು ಹೇಳಿದಳು. ಮೊರ ಶಿವಕಾಂತಮ್ಮನ ಕೈಯಿಂದ ಜಾರಿತು. ಬೇಳೆಯ ಮೇಲೇ ನಡೆದು ಒಳಗೆ ಗಂಡನ ಹತ್ತಿರ ಹೋದಳು. ಬಾಗಿಲ ಹೊರಗೆ ನಿಂತ ಶಹರಬಾನುವಿಗೆ ಸಾಹುಕಾರರ ದನಿ ಸ್ಪಷ್ಟವಾಗಿ ಕೇಳಿಸಿತು:

“ಮೊಹ್ತಮೀಮರ ಮುಂದ ಕಳ್ಳ ಅಂದು ಆಗ್ಯಾದ. ಈಗ ನಮ್ಮ ಮನಿ ಹೆಣ್ಮಗಳ ಹೆಸರು ಠಾಣ್ಯಾಗ ಬರಸ್ಲೇನು? ಬಾಯಿ ಮುಚ್ಕೊಂಡಿರು.”

ಈ ಮಾತು ವಾಡಿಗೆ ಬಂದು ಮುಟ್ಟಿದಾಗ ಗನಿಸಾಬ ಕೂಗಾಡಲಿಲ್ಲ. ಶಹರಬಾನುವಿಗೆ ನಿಜಕ್ಕೂ ಹೆದರಿಕೆಯಾದದ್ದು ಆಗಲೇ. ಒಬ್ಬ ಮನುಷ್ಯನನ್ನು ಹೊಡೆಯುವ ಮೊದಲು ಒಬ್ಬ ಹೆಂಗಸನ್ನು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳುವುದಕ್ಕೆ ಲಾಠಿ ಬೇಡ, ರುಜು ಬೇಡ, ಒಂದು ನಾಲಿಗೆ ಸಾಕು. ಅವನು ಗಡಿಗೆಯ ಹತ್ತಿರ ಕುಳಿತು ಉಸುಕಿಗೆ ನೀರು ಚಿಮುಕಿಸಿ, ಸಿಗಾರಿನ ಮೆಣಸಿನಬೀಜ ಜಾಡಿಸಿ ಅದನ್ನು ಹಂಚಿನ ಮೇಲಿಟ್ಟು, ಗೋಣಿ ಮುಚ್ಚಿದ. ಆಮೇಲೆ ಬಂದ ನಾಲ್ಕೂ ಅದೇ ದಾರಿ ಹಿಡಿದವು. ಅಮೀನ ಸೇದುವಾಗ ಬಿಚ್ಚಿ ಎಸೆದ ಕಾಗದದ ಉಂಗುರಗಳನ್ನೂ ಆಯ್ದು ಒಂದು ತಾಮ್ರದ ತಂತಿಗೆ ಪೋಣಿಸತೊಡಗಿದ.

ಪ್ರತಿದಿನವೂ ಠಾಣೆಯಿಂದ ಸುದ್ದಿ ಬರುತ್ತಿತ್ತು. ಐದನೆಯ ದಿನ ಹಾಜಿಮಲಂಗ್ ಒಪ್ಪಿಕೊಂಡ ಎಂದು ಬಂತು. ಸಿಗಾರನ್ನೆಲ್ಲ ಸೇಡಮ್ಮಿನ ಸಂತೆಯಲ್ಲಿ ಮಾರಿದೆ ಎಂದು ಹೆಬ್ಬೆಟ್ಟು ಒತ್ತಿದ್ದನಂತೆ. ಅವನು ಹುಟ್ಟಿದಾಗಿನಿಂದ ಸೇಡಂ ನೋಡಿರಲಿಲ್ಲ.

ಎಂಟನೆಯ ದಿನ ಗನಿಸಾಬ ಹ್ಯಾಂಡಲ್ ತಿರುಗಿಸಿದ. ಮೋಟಾರು ಮೊದಲ ಸುತ್ತಿಗೇ ಗುರುಗುಟ್ಟಿತು.

“ಶಾಬಾಶ್!” ಎಂದು ಅಮೀನ ಮಂಚದಿಂದ ಎದ್ದ. “ಕಳ್ಳನ್ನ ಇದ್ರಾಗೇ ಹಾಕ್ಕೊಂಡು ಹೋಗ್ತೀನಿ.”

“ಕುಂದ್ರಿ ಹುಜೂರ್. ಅದಕ್ಕೂ ಮೊದಲ ಇದನ್ನ ಸೇದ್ರಿ.”

ಗಡಿಗೆಯಿಂದ ತೆಗೆದ ಸಿಗಾರು ದುಂಡಗೆ, ಮೆತ್ತಗಿತ್ತು; ಉಂಗುರ ಬಿಗಿಯಾಗಿ ಕೂತಿತ್ತು. ಅಮೀನ ಹಚ್ಚಿದ. ಕೆಮ್ಮಲಿಲ್ಲ. ಕಣ್ಣು ಅರಳಿಸಿದ.

“ವಾಹ್! ಇದೆಲ್ಲಿಂದು?”

“ನೀವೇ ಒಗದದ್ದು. ಬಿಸಿಲಿಗಿ ಒಣಗಿತ್ತು, ಉಸುಕಿನ್ಯಾಗ ಇಟ್ಟೆ, ಜೀವ ಬಂತು. ಸಂತಿ ಚುಟ್ಟಾ ಅಲ್ಲ. ನನ್ನ ಭಾವಮೈದುನ ಕಳ್ಳ ಅಲ್ಲ.”

ಅಮೀನನ ಮುಖ ಗಟ್ಟಿಯಾಯಿತು. “ಅವ ಒಪ್ಕೊಂಡಾನ. ಕಾಗದ ಆಗ್ಯಾದ. ಇನ್ನ ಕೋರ್ಟ್ ನೋಡ್ತದ.”

“ಒಪ್ಕೊಳ್ದೆ ಏನ್ ಮಾಡ್ತಾನ? ಮೋಟಾರ್ ನಿಂತ್ರ ನಾವು ಮೊದಲ ಪೆಟ್ರೋಲ್ ನೋಡ್ತೀವಿ. ನೀವು ಮೊದಲ ಸುತ್ತಿಗಿ ತಗೋತೀರಿ. ನಿಮ್ಮ ಬೆತ್ತ ನನ್ನ ಕೈಯಾಗ ಕೊಡ್ರಿ, ಕಾಗಿಣಾ ಹೊಳಿ ಕದ್ದೀನಿ ಅಂತ ನಿಮ್ಮ ಬಾಯಿಲೇ ಒಪ್ಪಸ್ತೀನಿ!”

“ಏಯ್ ಗನಿ! ಯಾರ ಮುಂದ ಮಾತಾಡಾಕತ್ತಿ ಗೊತ್ತದಾ?”

“ಗೊತ್ತದ.” ಗನಿಸಾಬ ತಾಮ್ರದ ತಂತಿಯನ್ನು ಅಮೀನನ ಮೂಗಿನ ಮುಂದೆ ಎತ್ತಿ ಹಿಡಿದ. ಹದಿನಾಲ್ಕು ಬಂಗಾರದ ಉಂಗುರ ಗಾಳಿಗೆ ಅಲುಗಾಡಿದವು. “ಪೆಟಗಿಯೊಳಗ ಇಪ್ಪತ್ತೈದು ಇದ್ವು. ಮೊಹ್ತಮೀಮರು ಸೇದಿದ್ದು ಒಂದು, ನೀವು ಸೇದಿದ್ದು ಹದಿನಾಲ್ಕು, ನನಗ ಒಗದದ್ದು ಐದು. ಈಗ ಉಳದಾವ ಐದು. ಹೋಗ್ರಿ, ಮೋಟಾರ್ ತಯಾರ್ ಅದ. ಸಾಹೇಬ್ರು ಪೆಟಗಿ ತೆರೀತಾರ, ಎಣಸ್ತಾರ. ಹಾಜಿಮಲಂಗ್ ಲಾಕಪ್ಪಿನ್ಯಾಗ ಕುಂತು ಸೇದ್ಯಾನ ಅಂತ ಬರೀತೀರೇನು?”

ಅಮೀನ ಬಾಯಲ್ಲಿದ್ದ ಸಿಗಾರನ್ನು ಮೆಲ್ಲಗೆ ಕೆಳಗಿಳಿಸಿದ. ಅದರ ಉಂಗುರವನ್ನು ಬೆರಳಿನಿಂದ ಮುಚ್ಚಿಕೊಂಡ. ಮೋಟಾರು ಗುರುಗುಡುತ್ತಲೇ ಇತ್ತು.

“ಸಾಹೇಬ್ರಿಗಿ ಏನ್ ಹೇಳ್ಲಿ?” ಎಂದ, ಸಣ್ಣ ದನಿಯಲ್ಲಿ.

“ಖರೇ ಹೇಳ್ರಿ. ಬಾಯಿ ಒಂದ್ಸಲ ಹೊಸ ರುಚಿ ನೋಡ್ಲಿ. ಮಾಲು ಬಿಸಿಲಿಗಿ ಸಿಕ್ಕಿತ್ತು, ಕಳವು ಆಗಿಲ್ಲ ಅಂತ ಹೇಳಿ ಈ ನಾಕು ಸಿಗಾರ್ ಕೊಡ್ರಿ. ಉಳದಾವು ತಪಾಸಕ್ಕ ಖರ್ಚಾದ್ವು ಅನ್ರಿ. ಆದ್ರ ಮೊದಲ ಅವನ್ನ ಬಿಡ್ರಿ. ಅವ ಈ ಅಂಗಳಕ್ಕ ಬರೂತನಕ ಮೋಟಾರ್ ಬಂದ್, ಹ್ಯಾಂಡಲ್ ನನ್ನ ಹತ್ರ ಇರ್ತದ.”

ಸಂಜೆಗೆ ಮುಂಚೆ ಹಾಜಿಮಲಂಗ್ ಎತ್ತಿನ ಗಾಡಿಯಲ್ಲಿ ಬಂದ. ಇಳಿಯಲು ನೋಡಿ ಇಳಿಯಲಾರದೆ ಹಾಗೇ ಕೂತ. ಅಂಗಾಲು ಬಾತು, ಒಡೆದು, ಹಣ್ಣಾಗಿದ್ದವು. ಅಕ್ಕನನ್ನು ನೋಡಿ ನಗಲು ಹೋಗಿ, “ಸೇಡಂ ಭಾಳ ದೂರ ಅದ ಏನವಾ?” ಎಂದ. ಶಹರಬಾನು ಗೋಡೆಯ ಕಡೆ ತಿರುಗಿದಳು.

ಅಮೀನ ಕರಿ ಮೋಟಾರಿನಲ್ಲಿ ಗುಲ್ಬರ್ಗದ ದಾರಿ ಹಿಡಿದ. ಗನಿಸಾಬ ಒಂದು ಸ್ಕ್ರೂ ಸಡಿಲ ಬಿಟ್ಟಿದ್ದರೆ ಅದು ರಾವೂರನ್ನೂ ದಾಟುತ್ತಿರಲಿಲ್ಲ. ಬಿಟ್ಟಿರಲಿಲ್ಲ. ಮೋಟಾರೇನು ತಪ್ಪು ಮಾಡಿತ್ತು?

ಅವನು ಹಾಜಿಮಲಂಗನನ್ನು ಗಾಡಿಯಿಂದ ಎತ್ತಿ ಮಂಚದ ಮೇಲೆ ಕೂರಿಸಿ, ಒಳಗೆ ಹೋಗಿ ಗಡಿಗೆ ತಂದ. ಚಿಂಚೋಳಿಯಿಂದ ತರಿಸಿದ್ದ ತನ್ನ ವರ್ಷದ ಚುಟ್ಟಾವನ್ನು ಮೂಲೆಗೆ ಎಸೆದು, ತಣ್ಣಗಿನ ಒದ್ದೆ ಉಸುಕನ್ನೆಲ್ಲ ಅಗಲ ಬುಟ್ಟಿಗೆ ಸುರಿದು, ಹಾಜಿಮಲಂಗನ ಎರಡೂ ಕಾಲನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಅದರಲ್ಲಿಟ್ಟ. ಹಾಜಿಮಲಂಗ್ ಹಾಯೆಂದು ಹಿಂದಕ್ಕೆ ಒರಗಿದ.

ಆ ಕಾಲು ನೆಲಕ್ಕೆ ಊರಲು ಮಳೆಗಾಲವೇ ಬರಬೇಕಾಯಿತು. ಅಲ್ಲಿಯವರೆಗೆ ಉಸುಕು ಗಡಿಗೆಗೆ ಮರಳಲಿಲ್ಲ. ಚುಟ್ಟಾ ಒಣಗಿ ಕಡ್ಡಿಯಾದವು. ಗನಿಸಾಬ ಅವನ್ನೇ ಸೇದಿದ, ಅವನ ಮೀಸೆಯೂ ಒಂದು ಬದಿ ಹೋಯಿತು. ಒಂದೊಂದು ಕೆಮ್ಮಿಗೆ ಅಮೀನನಿಗೊಂದು, ಸಾಹುಕಾರನಿಗೊಂದು, ಗಾಳಿಗಿಡು ಎನ್ನಲು ಮರೆತ ತನ್ನ ನಾಲಿಗೆಗೊಂದು ಬೈಗುಳ ಬೈದ. ಆ ಬೇಸಿಗೆ ವಾಡಿಗೆ ಬಂದ ಮೇಲುಗಳು ಒಂದೂ ಸೀಟಿ ಹೊಡೆಯಲಿಲ್ಲ.