ಹಿಂದೆ ಮಲಗಿದವರಿಗಾಗಿ ಒಂದು ಬ್ರೇಕ್

ಫಳ್ನೀರಿನ ಆಸ್ಪತ್ರೆಗಳ ಎದುರು ನಿಲ್ಲುವ ಆಂಬ್ಯುಲೆನ್ಸ್ ಚಾಲಕರಲ್ಲಿ ನಮ್ಮ ಲೋಕನಾಥನಷ್ಟು ಜಂಬದವನು ಇನ್ನೊಬ್ಬನಿರಲಿಲ್ಲ. ತನ್ನ ಗಾಡಿಯಲ್ಲಿ ಮಲಗಿದವರಿಗೆ ಗುಂಡಿ ಸಿಕ್ಕಿದ್ದೂ ಗೊತ್ತಾಗುವುದಿಲ್ಲ ಎಂದು ಹದಿನೆಂಟು ವರ್ಷ ನನ್ನ ತಲೆ ತಿಂದಿದ್ದಾನೆ. ನಾನು ರವೂಫ್, ಕಂಕನಾಡಿ ಮಾರುಕಟ್ಟೆಯ ಹಿಂದೆ ಗ್ಯಾರೇಜು ಇಟ್ಟವನು. ಅವನ ಟರ್ಬೊ ಡೀಸೆಲ್ ಗಾಡಿಯ ಒಂದೊಂದು ನಟ್ಟೂ ನನಗೆ ಗೊತ್ತು.

ಕಳೆದ ವರ್ಷ ಅವನ ಹೆಂಡತಿ ಶಶಿಪ್ರಭಾ ಮೂಡಿಗೆರೆಯ ತಂಗಿಯ ಮನೆಯಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಲೋಕಣ್ಣನೇ ಹೋಗಿ ಚಾರ್ಮಾಡಿ ಘಾಟಿ ಇಳಿಸಿ ಕರೆತಂದ. ಅಲ್ಲಿ ತಿರುವು ತಿರುವಿಗೂ ಬ್ರೇಕ್ ಒತ್ತಲೇಬೇಕು, ಒತ್ತಿದಾಗಲೆಲ್ಲ ಹಿಂದೆ ಮಲಗಿದವರ ಮೈ ಜಗ್ಗುತ್ತದೆ. ದಾರಿಯುದ್ದಕ್ಕೂ ಅವರು ಒಂದು ಸಲವೂ ನರಳಲಿಲ್ಲ. ಆಸ್ಪತ್ರೆಯಲ್ಲಿ ಇಳಿಸುವಾಗ “ಗಾಡಿ ಚಂದ ಬಿಟ್ಟಿರಿ” ಎಂದರು. ಆದರೆ ನರ್ಸ್ ಅವರ ಮುಷ್ಟಿ ಬಿಡಿಸಿದಾಗ ಎರಡೂ ಅಂಗೈಗಳಲ್ಲಿ ಉಗುರು ನಾಟಿ ರಕ್ತ ಬಂದಿತ್ತು.

ಆಪರೇಷನ್ ಆಗಿ ಅವರು ವಾಕರ್ ಹಿಡಿದು ನಡೆಯತೊಡಗಿದರು. ಲೋಕಣ್ಣ ಮಾತ್ರ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಒಂದು ದಿನ ಬಂದು ಗಾಡಿಯ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟ.

“ಗಿರಾಕಿ ನೋಡು ರವೂಫ್. ಮಾರ್ತೇನೆ.”

“ಎಂತಕ್ಕೆ?”

“ಇಷ್ಟು ವರ್ಷದಲ್ಲಿ ಎಷ್ಟು ಜನ ಹಾಗೆ ಮುಷ್ಟಿ ಹಿಡಿದಿರ್ಬಹುದು? ಎಲ್ಲರೂ ಚಂದ ಬಿಟ್ಟಿರಿ ಅಂತಲೇ ಹೇಳಿದ್ದು.”

ನನಗೆ ಸಿಟ್ಟು ಬಂತು. ಅಷ್ಟು ಜಂಬದವನು ಹೀಗೆ ಕುಗ್ಗಿ ಕೂತದ್ದು ನೋಡಲಾಗಲಿಲ್ಲ. “ಮಾರುವುದು ಆಮೇಲೆ. ಮೊದಲು ಎಕ್ಸಾಸ್ಟ್ ಬ್ರೇಕ್ ಕೂರಿಸುವ” ಎಂದೆ.

ದೊಡ್ಡ ಸಂಗತಿಯೇನಲ್ಲ. ಟರ್ಬೊ ದಾಟಿದ ಮೇಲೆ ಹೊಗೆಯ ಪೈಪಿಗೆ ಒಂದು ಮುಚ್ಚಳ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಅದು ಮುಚ್ಚಿಕೊಳ್ಳುತ್ತದೆ. ಹೊಗೆಗೆ ದಾರಿ ಸಿಗದೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ಕಾಲಿನ ಬ್ರೇಕನ್ನು ಮತ್ತೆ ಮತ್ತೆ ಒತ್ತಬೇಕಿಲ್ಲ. ಘಾಟಿಯ ಲಾರಿಗಳಿಗೆ ನಾನು ಎಷ್ಟೋ ಕೂರಿಸಿದ್ದೇನೆ.

ವಾಮಂಜೂರಿನಿಂದ ಗುರುಪುರಕ್ಕೆ ಇಳಿಯುವ ರಸ್ತೆಯಲ್ಲಿ ಟ್ರಯಲ್ ನೋಡಿದೆವು. ಸ್ಟೇರಿಂಗಿನಲ್ಲಿ ನಾನು, ಹಿಂದೆ ಸ್ಟ್ರೆಚರಿನ ಮೇಲೆ ಬೆಲ್ಟು ಕಟ್ಟಿಕೊಂಡು ಲೋಕಣ್ಣ. ಕಾಲು ತೆಗೆದ ಕೂಡಲೇ ಮುಚ್ಚಳ ರಪ್ಪನೆ ಬಿತ್ತು.

“ಸೊಂಟಕ್ಕೆ ಒದ್ದ ಹಾಗಾಯ್ತು ಮಾರಾಯ” ಎಂದ ಹಿಂದಿನಿಂದ. “ಲಾರಿಗೆ ಇದು ಆದೀತು. ಅದರಲ್ಲಿರುವ ಸಿಮೆಂಟಿಗೆ ಸೊಂಟ ಉಂಟಾ?”

ಬೈದುಕೊಂಡೇ ಬಿಚ್ಚಿದೆ. ಮುಚ್ಚಳ ನಿಧಾನಕ್ಕೆ ಮುಚ್ಚಲೆಂದು, ಅದನ್ನು ಎಳೆಯುವ ಗಾಳಿಯ ಕೊಳವೆಯೊಳಗೆ ಸಣ್ಣ ತೂತಿನ ವಾಷರ್ ಹಾಕಿದೆ. ಆಗಲಿಲ್ಲ. ಇನ್ನೂ ಸಣ್ಣ ತೂತಿನದು ಹಾಕಿದೆ. ಮೂರನೆಯ ದಿನ, ಐದನೆಯ ವಾಷರಿಗೆ ಹಿಂದಿನಿಂದ ಸದ್ದೇ ಇಲ್ಲ. ಗೆದ್ದೆ ಎಂದುಕೊಂಡು ಬಾಗಿಲು ತೆರೆದರೆ ಅವನ ಮುಖ ಇನ್ನೂ ಸಪ್ಪೆಯಾಗಿತ್ತು.

“ನನ್ನ ಸೊಂಟ ಮುರಿದಿಲ್ಲವಲ್ಲ, ನನಗೆಂತ ಗೊತ್ತಾಗ್ತದೆ? ಶಶಿ ಹೇಳ್ಬೇಕು. ಅವಳೋ, ಹೇಗೆ ಬಿಟ್ರೂ ಚಂದ ಅಂತಾಳೆ.”

ಆದರೂ ಮರುದಿನ ಶಶಿಪ್ರಭಾ ಬಂದರು. ವಾಕರಿನ ಜೊತೆಗೆ ಬೀಡಿ ಎಲೆ, ಹೊಗೆಸೊಪ್ಪಿನ ಪುಡಿ ಹರಡಿದ ಮೊರ, ನಮ್ಮ ಕಡೆಯ ತಡ್ಪೆಯೂ ಬಂತು.

“ಸುಮ್ಮನೆ ಮಲಗಿ ಎಂತ ಮಾಡುವುದು ರವೂಫಣ್ಣ? ನಾಳೆ ಬೀಡಿ ಕಟ್ಟಿ ಕೊಡ್ಲಿಕ್ಕೆ ಉಂಟು.”

ಸ್ಟ್ರೆಚರಿನ ತಲೆಭಾಗ ಎತ್ತಿ ಅವರನ್ನು ಒರಗಿಸಿ ಬೆಲ್ಟು ಕಟ್ಟಿದೆವು. ಎಷ್ಟೋ ತಿಂಗಳ ಮೇಲೆ ಲೋಕಣ್ಣ ಸ್ಟೇರಿಂಗ್ ಹಿಡಿದ. ಹೊರಡುವ ಮೊದಲು ಎರಡೆರಡು ಸಲ ತಿರುಗಿ ಹೆಂಡತಿಯನ್ನು ನೋಡಿದ. ನಾನು ಪಕ್ಕದಲ್ಲಿ ಕೂತು ರಸ್ತೆ ನೋಡುವ ನಾಟಕ ಮಾಡಿದೆ. ಇಳಿಜಾರು ಶುರುವಾದಲ್ಲಿ ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ, ಇಂಜಿನ್ ಮೆಲ್ಲಗೆ ಗಾಡಿಯನ್ನು ಹಿಡಿದುಕೊಂಡಿತು.

ಕೆಳಗೆ ನಿಲ್ಲಿಸಿ ಅವನು ಹಿಂದಿನ ಬಾಗಿಲು ತೆರೆದ. ಹೆಂಡತಿಯ ಎರಡೂ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದ. ಹೊಗೆಸೊಪ್ಪಿನ ಪುಡಿ ಬಿಟ್ಟರೆ ಬೇರೇನೂ ಇರಲಿಲ್ಲ. ತಡ್ಪೆಯಲ್ಲಿ ನೂಲು ಸುತ್ತಿದ ಒಂಬತ್ತು ಬೀಡಿಗಳಿದ್ದವು.

“ಎಂತ ನೋಡ್ತೀರಿ? ಗುಡ್ಡ ಇನ್ನೂ ಇಳಿಲಿಕ್ಕೆ ಉಂಟಲ್ವಾ?” ಎಂದು ಕೇಳಿದರು ಶಶಿಪ್ರಭಾ.

“ಇಳಿದಾಯ್ತು” ಎಂದ ಲೋಕಣ್ಣ. ಕಣ್ಣೊರೆಸಿಕೊಂಡ. ಚಂದ ಬಿಟ್ಟಿರಿ ಎಂದು ಹೇಳಲು ಶಶಿಪ್ರಭಾ ಮರೆತೇಬಿಟ್ಟಿದ್ದರು.

“ಗಿರಾಕಿ ಬಂದ್ರೆ ಎಂತ ಹೇಳುವುದು?” ಎಂದು ಅವನನ್ನು ಕೇಳಿದೆ.

“ಗಾಡಿ ಬಾಡಿಗೆಗೆ ಹೋಗಿದೆ ಅಂತ ಹೇಳು” ಎಂದು ಮುಂದಿನ ಸೀಟಿಗೆ ಹತ್ತಿದ.