ಬಂಡೆ ಮೇಲಿನ ಗೋಬಿ

ಹೊಂಗನೂರಿನ ನಾಗರಾಜು ಬಿ.ಕಾಂ. ಓದಿದ್ದ, ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ಮೂರು ವರ್ಷ ಲೇತಿನ ಮುಂದೆ ಮರದ ಹೊಟ್ಟು ಕುಡಿದು, ಹೋದ ತಿಂಗಳಷ್ಟೇ ಆರ್ಡರ್ ಬರೆದುಕೊಳ್ಳುವ ಫೋನಿನ ಕುರ್ಚಿಗೆ ಏರಿದ್ದ. ಅಂದಿನಿಂದ ಇಸ್ತ್ರಿ ಷರ್ಟು; ಉಳಿ ಹಿಡಿಯಲು ಕಲಿಸಿದ ಪೀರ್ ಸಾಬರನ್ನೂ ಕಣ್ಣಂಚಿನಲ್ಲೇ ನೋಡುವುದು.

"ಮೊದಲ್ನೇ ಆರ್ಡರ್ ಕೆಡಿಸಿದ್ರೆ ವಾಪಸ್ ಲೇತಿಗೆ, ತಿಳ್ಕೊ" ಎಂದಿದ್ದರು ಮಾಲೀಕರಾದ ಫಿರೋಜಾ.

ಆ ಆರ್ಡರ್ ಕರಾವಳಿಯಿಂದ ಬಂತು. ಮಕ್ಕಳ ವಸ್ತುಪ್ರದರ್ಶನ ನಡೆಸುವ ಮೇಡಂ ಒಬ್ಬರು ಫೋನಿನಲ್ಲಿ ಹೇಳಿದರು: "ಬಂಡೆ ಮೇಲಿರುತ್ತಲ್ಲ, ಗೋಬಿ, ಅದು ಇನ್ನೂರು. ಬೆರಳುದ್ದ, ಕಂದು ಬಣ್ಣ, ಕಪ್ಪು ಚುಕ್ಕೆ. ಫೋಟೊ ಕಳಿಸ್ಲಾ?"

ನಾಗರಾಜುವಿಗೆ ಕೇಳಿಸಿದ್ದು ಬಂಡಿ. ಗೋಬಿ ಮಂಚೂರಿ ಕರಿಯುವ ತಳ್ಳುಬಂಡಿ.

"ಬೇಡಿ ಮೇಡಂ. ನಮ್ ಬಸ್‌ಸ್ಟ್ಯಾಂಡಲ್ಲೂ ಸಿಗ್ತದೆ. ವಾರಕ್ಕೆರಡ್ಸಲ ತಿಂತೀನಿ."

"ಅಷ್ಟು ಸಣ್ಣದನ್ನು ತಿಂತೀರಾ?"

"ಸಾಸ್ ಹಾಕ್ಸ್ಕಂಡು, ಮೇಡಂ."

ಕಡಲ ಕಡೆಯವರಿಗೆ ತಿಂಡಿಯ ಗಂಧವೇ ಇಲ್ಲ ಎಂದುಕೊಂಡು ಫೋನಿಟ್ಟ.

ಮರ ಕಡೆಯುತ್ತಲೇ ಪೀರ್ ಸಾಬ್ ಕೇಳಿದರು: "ಏನ್ಲಾ ನಾಗ, ಕರಿದಿರೋ ಗೋಬಿ ಇಟ್ಕಂಡು ಯಾವ್ ಮಗು ಆಡ್ತದ್ಲಾ? ಇನ್ನೊಂದ್ಸಲ ಕೇಳ್ಬಾರ್ದಾ?"

"ನೀವು ಕಡೀರಿ ಸಾಬ್ರೇ. ಕೇಳೋದು ಹೇಳೋದು ನನ್ ಕೆಲ್ಸ."

ಅರಗಿನ ಬಣ್ಣ ಮಿರಮಿರ ಮಿಂಚುವ ಇನ್ನೂರು ಮಂಚೂರಿ ತುಂಡು ತಯಾರಾದವು. ನಾಗರಾಜು ಮೀಸೆ ತಿರುವಿ ಫೋಟೊ ಕಳಿಸಿದ. ತಿರುಗಿ ಬಂದ ಫೋಟೊ ಮೀನಿನದು. ಕೆಳಗೆ ಬರೆದಿತ್ತು: ಗೋಬಿ ಎಂಬ ಮೀನು; ಸಮುದ್ರ ಇಳಿದಾಗ ಬಂಡೆಯ ಗುಂಡಿಗಳಲ್ಲಿ ನಿಲ್ಲುವ ನೀರಿನಲ್ಲಿ ವಾಸ; ಹೊಟ್ಟೆಯ ಎರಡು ರೆಕ್ಕೆ ಕೂಡಿ ಬಟ್ಟಲಿನಂತಾಗಿ ಕಲ್ಲಿಗೆ ಕಚ್ಚಿಕೊಳ್ಳುತ್ತದೆ, ಅಲೆ ಹೊಡೆದರೂ ಬಿಡುವುದಿಲ್ಲ.

"ಥೂ, ಇದೂ ಒಂದ್ ಮೀನಾ! ಬೆಕ್ಕಿನ ಹಲ್ಲಿನ ಸಂದಿಗೂ ಸಾಲಾಕಿಲ್ಲ. ಜನ್ಮೆಲ್ಲಾ ಕಲ್ಲಿಗೆ ಅಂಟ್ಕಂಡಿರೋದೇ ಕಸುಬು!" ಎಂದ ನಾಗರಾಜು.

"ಕುರ್ಚಿಗೆ ಅಂಟ್ಕಳೋದಕ್ಕಿಂತ ವಾಸಿ ಕಣ್ಲಾ," ಎಂದರು ಪೀರ್ ಸಾಬ್. "ಬಂಡೆ ಯಾವ್ದು, ಬಂಡಿ ಯಾವ್ದು ಅಂತ ಅದಕ್ಕಾದ್ರೂ ಗೊತ್ತೈತೆ."

ಫಿರೋಜಾ ಎರಡೂ ಫೋಟೊ ನೋಡಿದರು. ಬೈಯಲಿಲ್ಲ, ಬೈದಿದ್ದರೆ ಮರ್ಯಾದೆ ಒಂದಿಷ್ಟಾದರೂ ಉಳಿಯುತ್ತಿತ್ತು. ಫೋನನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡು, "ಸೋಮವಾರದೊಳಗೆ ಇನ್ನೂರು ಮೀನು. ನೀನೇ ಕಡೀಬೇಕು," ಎಂದು ಹೊರಟರು.

ಷರ್ಟಿನ ತೋಳು ಮಡಚಿ ನಾಗರಾಜು ಲೇತಿನ ಮುಂದೆ ಕೂತ. ಮರದ ತುಂಡು ಗಿರಗಿರ ತಿರುಗಿತು. ಪೀರ್ ಸಾಬ್ ಬಗ್ಗಿ ನೋಡಿದರು.

"ತಲೆ ದಪ್ಪ ಆಯ್ತು. ಒಸಿ ಇಳ್ಸು ಕಣ್ಲಾ."

"ಯಾರ್ದು ಸಾಬ್ರೇ?"

"ಮೊದ್ಲು ಮೀನಿಂದು."