ಹೆಸರು ಹೇಳದ ಕೈ

ಪರದೇಶದಲ್ಲಿ ಇಪ್ಪತ್ತೆರಡು ವರ್ಷ ಕಣ್ಣು ಕಾಣದವರ ಸೇವೆ ಮಾಡಿ ಬಂದವರೆಂದು ಆಕೆಯನ್ನು ವೇದಿಕೆಗೆ ಕರೆಯುತ್ತಾರೆ. ಹೂಗುಚ್ಛ ಕೊಟ್ಟು, "ಅಲ್ಲಿಯ ರಾಜರನ್ನು ತೀರಾ ಹತ್ತಿರದಿಂದ ಕಂಡವರು" ಎಂದು ಪರಿಚಯಿಸುತ್ತಾರೆ. ಸಭೆ ಕಣ್ಣರಳಿಸಿ ಕೂರುತ್ತದೆ. ಆಕೆ ಎದ್ದು, ರಾಜರ ರಜತೋತ್ಸವದ ದಿನ ತಾನು ಒಬ್ಬ ಮುದುಕನಿಗೆ ಮಾಡಿದ ಅನ್ಯಾಯವನ್ನು ಹೇಳತೊಡಗುತ್ತಾರೆ. ಐದು ನಿಮಿಷಕ್ಕೆ ಸಂಘಟಕರು ಗಡಿಯಾರ ನೋಡುತ್ತಾರೆ. ಹತ್ತು ನಿಮಿಷಕ್ಕೆ ಯಾರೋ ಚೀಟಿ ಕಳಿಸುತ್ತಾರೆ. ಒಮ್ಮೆ ಕರೆದವರು ಮತ್ತೆ ಕರೆದದ್ದಿಲ್ಲ. ಸೇವೆ ಮಾಡಿದವರ ಬಾಯಲ್ಲಿ ಸೇವೆಯ ಕತೆಯನ್ನಷ್ಟೇ ಕೇಳಬಯಸುವ ಜನ ನಾವು. ಆ ಚೀಟಿ ಬರುವ ಮುಂಚಿನದನ್ನೂ ಆಮೇಲಿನದನ್ನೂ ಇಲ್ಲಿ ಬರೆದಿದ್ದೇನೆ.

ಆಕೆ ದರ್ಜಿಯ ಮಗಳು. ನರ್ಸಿಂಗ್ ಓದಿ, ಇಪ್ಪತ್ತಾರನೆಯ ವಯಸ್ಸಿಗೆ ಮಿಷನ್ ಸೇರಿ ಆ ರಾಜ್ಯಕ್ಕೆ ಹೋದರು; ಅಲ್ಲಿ ಎಲ್ಲರಿಗೂ ಸಿಸ್ಟರಾದರು. ಮಿಷನ್ನಿನ ಮನೆ ಊರಿನ ದೊಡ್ಡ ರಸ್ತೆಯ ಮೇಲೇ ಇತ್ತು. ಹಿಂದೆ ಮಲಗುವ ಎರಡು ಕೋಣೆ, ಮುಂದೆ ರಸ್ತೆಗೆ ತಾಗಿಕೊಂಡು ಉದ್ದನೆಯ ಕೆಲಸದ ಕೋಣೆ. ಅಲ್ಲಿ ಕಣ್ಣು ಕಾಣದ ಆರು ಜನ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದರು. ತೊಟ್ಟಿಯಲ್ಲಿ ನೆನೆದ ಬೆತ್ತದ ಸೀಳುಗಳ ವಾಸನೆಯಲ್ಲೇ ಆ ಮನೆಗೆ ಬೆಳಗಾಗುತ್ತಿತ್ತು. ಆರು ಜನರಲ್ಲಿ ಹಿರಿಯರನ್ನು ಎಲ್ಲರೂ ಬೆತ್ತದಜ್ಜ ಎನ್ನುತ್ತಿದ್ದರು. ಹೆಣಿಗೆಯ ಕೊನೆಯ ಗಂಟು ಹಾಕುತ್ತಿದ್ದ ಹೆಂಗಸು ಗಂಟಕ್ಕ. ಅವಳ ನಾಲಗೆಯೂ ಬೆತ್ತದಷ್ಟೇ ಚುರುಕು.

ಆ ಮನೆಯಲ್ಲಿ ಒಂದು ನಿಯಮವಿತ್ತು. ಅದನ್ನು ಮಾಡಿದವರು ಸಿಸ್ಟರೇ. ಮೊದಮೊದಲು ನೋಡಲು ಬಂದವರು ಇವರ ಕೈಯಿಂದ ಉಳಿ, ಕತ್ತರಿ, ಅರ್ಧ ಹೆಣೆದ ಬುಟ್ಟಿ ಎಲ್ಲವನ್ನೂ ಕೇಳದೆಯೇ ಎತ್ತಿಕೊಳ್ಳುತ್ತಿದ್ದರು. ಕಣ್ಣು ಕಾಣದವರ ಕೈ ಎಂದರೆ ಗೋಡೆಯ ಮೊಳೆ ಇದ್ದ ಹಾಗೆ ಎಂಬ ಭಾವ. ಅದನ್ನು ಕಂಡು ರೇಗಿದ ಸಿಸ್ಟರು, ಯಾರೇ ಆಗಲಿ ಇವರ ಕೈಯಿಂದ ಏನನ್ನು ತೆಗೆದುಕೊಳ್ಳುವ ಮುಂಚೆಯೂ ತಾನು ಯಾರೆಂದು ಹೇಳಬೇಕು ಎಂದು ಕಟ್ಟು ಮಾಡಿದರು. ಒಂದು ಲೋಟ ಹಿಂತಿರುಗಿಸಿಕೊಳ್ಳುವಾಗಲೂ ಅಡುಗೆಯವಳು "ನಾನು, ಅಡುಗೆಯವಳು" ಎನ್ನಬೇಕು. ವರ್ಷಗಳು ಕಳೆದಂತೆ ಅದು ಆ ಮನೆಯ ಉಸಿರಾಯಿತು. ಹೇಳದೆ ತೆಗೆದುಕೊಂಡ ಕೈ ಹೊರಗಿನದು, ಅಷ್ಟೇ.

ಸಿಸ್ಟರು ಅಲ್ಲಿ ಇರಬೇಕಾದರೆ ಪ್ರತಿವರ್ಷ ವಾಸದ ಪರವಾನಗಿ ಹೊಸದಾಗಿಸಬೇಕಿತ್ತು. ರಾಜರ ಆಡಳಿತದ ವಿಷಯದಲ್ಲಿ ಪರದೇಶದವರು ಮೂಗು ತೂರಿಸಕೂಡದು ಎಂಬುದು ಅದರ ಮೂರನೆಯ ಷರತ್ತು. ಪ್ರತಿವರ್ಷ ಆಕೆ ಅದರ ಕೆಳಗೆ ಸಹಿ ಹಾಕುತ್ತಿದ್ದರು.

ರಾಜರು ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷವಾದಾಗ ಮೆರವಣಿಗೆ ಅದೇ ರಸ್ತೆಯಲ್ಲಿ ಎಂದು ಗೊತ್ತಾಯಿತು. ಉತ್ಸವ ಸಮಿತಿಯ ಗುಮಾಸ್ತ ಬಂದು ಮುಂದಿನ ಗೋಡೆಗೆ ಸುಣ್ಣ ಬಳಿಸಿದ, ಆರು ಜನಕ್ಕೂ ಮೊದಲ ಸಾಲಿನಲ್ಲಿ ಜಾಗ ಗುರುತು ಹಾಕಿದ. ರಾಜರ ಕರುಣೆ ಎದ್ದು ಕಾಣಲು ಕಣ್ಣಿಲ್ಲದವರು ಬೇಕಲ್ಲ. ಎಲ್ಲರಿಗೂ ಬಾವುಟ, ಸಿಸ್ಟರಿಗೆ ಬಿಳಿ ಕೈಗವಸು ಕೊಟ್ಟ. ಆಹ್ವಾನ ಪತ್ರದ ಲಕೋಟೆಯಲ್ಲೇ ಇನ್ನೊಂದು ಹಾಳೆಯೂ ಇತ್ತು. ಉತ್ಸವದ ನಂತರ ರಸ್ತೆ ಅಗಲ ಮಾಡುತ್ತಾರೆ. ಕೆಲಸದ ಕೋಣೆ ಹೋಗುತ್ತದೆ. ಆಕ್ಷೇಪಣೆ ಇದ್ದರೆ ನಲವತ್ತೈದು ದಿನದೊಳಗೆ ಕಚೇರಿಗೆ ಕೊಡಬೇಕು.

ಅದನ್ನು ಸಿಸ್ಟರು ಓದಿ ಹೇಳಿದಾಗ ಯಾರ ಕೈಯೂ ಆಡಲಿಲ್ಲ.

"ಕೋಣೆ ಹೋದ್ರೆ ನಾವು?" ಎಂದಳು ಗಂಟಕ್ಕ. "ಮಲಗೋ ಕೋಣೇಲಿ ಕೂತು ಗೋಡೆ ಹೆಣೀಬೇಕಾ?"

ಬೆತ್ತದಜ್ಜ ಹೇಳಿದರು: "ಅರ್ಜೀನ ರಾಜರ ಕೈಗೇ ಕೊಡ್ತೀನಿ. ಇಂಥಾ ದಿನ ಅವರು ಕೈಯಾರೆ ತಗೊಂಡ ಕಾಗದ ಯಾವ ಕಚೇರೀಲೂ ಕೊಳೆಯೋದಿಲ್ಲ."

"ನಿಮಗೆ ರಾಜರು ಎಲ್ಲಿ ಕಾಣ್ತಾರಜ್ಜ?"

"ನಂಗೆ ಕಾಣೋದ್ ಬೇಡ ಕಣೇ. ಅವರಿಗೆ ನಾನು ಕಂಡ್ರೆ ಸಾಕು."

"ಕಾಣದಿದ್ರೆ ಅವರ ಕುರ್ಚಿ ರಿಪೇರಿಗೆ ಬಂದಾಗ ಹೆಣಿಗೆ ಸಡಿಲ ಬಿಡೋಣ ಬಿಡಿ," ಎಂದಳು ಗಂಟಕ್ಕ. ಎಲ್ಲರೂ ನಕ್ಕರು.

ಅರ್ಜಿ ಬರೆದುಕೊಡಿ ಎಂದು ಅಜ್ಜ ಕೇಳಿದಾಗ ಸಿಸ್ಟರು ಮೂರನೆಯ ಷರತ್ತನ್ನು ನೆನಪಿಸಿದರು. ಅಜ್ಜ ಒತ್ತಾಯಿಸಲಿಲ್ಲ. ಗಂಟಕ್ಕನ ತಮ್ಮ, ಅಂಚೆಯವನು, ಬರೆದುಕೊಟ್ಟ. "ಕಾರು ನನ್ನೆದುರು ಬಂದಾಗ ಭುಜ ಮುಟ್ಟಿಬಿಡಿ, ಅಷ್ಟು ಸಾಕು" ಎಂದು ಅಜ್ಜ ಕೇಳಿಕೊಂಡರು. ಅಷ್ಟಕ್ಕೆ ಸಿಸ್ಟರು ಒಪ್ಪಿದರು.

ಉತ್ಸವದ ದಿನ ಬಿಸಿಲಲ್ಲಿ ಮೂರು ತಾಸು ನಿಲ್ಲಿಸಿದರು. ವಾದ್ಯ ಬಂತು, ಕುದುರೆಗಳು ಬಂದವು. ರಸ್ತೆಯುದ್ದಕ್ಕೂ ಜನ ತಮ್ಮ ಮನೆಯ ಮದುವೆಯೇನೋ ಎಂಬಂತೆ ಕೂಗುತ್ತಿದ್ದರು. ಆ ಕೂಗಿನ ಮಧ್ಯೆ ಪರದೇಶದವಳಾದ ತಾನೂ ಕೂಗಿದ್ದಾಗಿ ಸಿಸ್ಟರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ರಾಜರ ಕಾರು ಅಲ್ಲಿ ನಿಧಾನವಾಗುತ್ತದೆ ಎಂದು ಗುಮಾಸ್ತ ಹೇಳಿದ್ದ. ನಿಧಾನವಾಗಲಿಲ್ಲ. ಆಕೆ ಭುಜ ಮುಟ್ಟುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಅಜ್ಜ ಬಾವುಟ ಬಿಟ್ಟು ಅರ್ಜಿ ಹಿಡಿದ ಕೈಯನ್ನು ರಸ್ತೆಗೆ ಚಾಚಿದರು. ಎದುರಿಗೆ ಬರಿಯ ಧೂಳು. ಆಚೆಯಿಂದ ಒಬ್ಬ ಕಾವಲಿನವನು ಇವರತ್ತ ನಡೆದು ಬರುತ್ತಿದ್ದ.

ಸಿಸ್ಟರು ಕೈಗವಸು ತೊಟ್ಟ ಕೈಯಲ್ಲೇ ಅಜ್ಜನಿಂದ ಕಾಗದ ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. ಏನೂ ಹೇಳಲಿಲ್ಲ. ಕಾವಲಿನವನು ನೋಡಿ ಹೊರಟುಹೋದ.

"ತಗೊಂಡ್ರು," ಎಂದರು ಅಜ್ಜ. "ಹೆಸರು ಹೇಳಲಿಲ್ಲ, ಮಾತಾಡಲಿಲ್ಲ. ಬಟ್ಟೆ ಹಾಕಿದ ಕೈ. ರಾಜರೇ ತಗೊಂಡ್ರು ಸಿಸ್ಟರಮ್ಮ."

ಆಗ ಒಂದು ಮಾತು ಸಾಕಿತ್ತು. ಆಕೆ ಅಜ್ಜನ ಮುಖ ನೋಡಿದರು. ಸಂಜೆ ಹೇಳೋಣ ಎಂದುಕೊಂಡರು. ಸಂಜೆ ಮನೆಯಲ್ಲಿ ಹಾಡು, ನಗು. ಮಾರನೆಯ ದಿನಕ್ಕೆ ಮುಂದೂಡಿದರು. ಕರುಣೆ ಎಂದು ನಾವು ಹೆಸರಿಡುವ ಎಷ್ಟೋ ಸಂಗತಿಗಳು ಬರಿಯ ಹೇಡಿತನ. ಎದುರಿಗಿರುವವನ ಬೇಸರದ ಮುಖ ನೋಡುವ ಕಷ್ಟವನ್ನು ನಾವು ತಪ್ಪಿಸಿಕೊಳ್ಳುತ್ತಿರುತ್ತೇವೆ, ಅಷ್ಟೇ. ಇದು ನನ್ನ ಮಾತು. ಸಿಸ್ಟರು ಇದಕ್ಕಿಂತ ಕಟುವಾಗಿ ಹೇಳುತ್ತಾರೆ.

ಮೂರನೆಯ ವಾರ ಗಂಟಕ್ಕ ಕೆದಕಿದಳು. "ಕಚೇರಿಗೂ ಒಂದು ಹಾಳೆ ಹಾಕೋಣ ಅಜ್ಜ. ರಾಜರಿಗೆ ನೂರೆಂಟು ಕೆಲಸ."

"ರಾಜರ ಕೈ ಸೇರಿದ ಮೇಲೆ ಗುಮಾಸ್ತನ ಕಾಲು ಹಿಡಿಯೋದಾ? ಅವರಿಗೆ ಅವಮಾನ ಅಲ್ವಾ? ನೀವೇನಂತೀರಿ ಸಿಸ್ಟರಮ್ಮ?"

ಸಿಸ್ಟರು ಅಂದರು: "ನಿಮ್ಮಿಷ್ಟ ಅಜ್ಜ."

ರಸ್ತೆಯಲ್ಲಿ ಮಾಡಿದ್ದು ಗಾಬರಿಯಲ್ಲಿ ಆದದ್ದು, ಈ ಎರಡು ಪದಗಳನ್ನು ಮಾತ್ರ ಯೋಚಿಸಿ ಆಡಿದ್ದು ಎನ್ನುತ್ತಾರೆ ಆಕೆ.

ಆ ಹಾಳೆ ಬಂದ ನಲವತ್ತಾರನೆಯ ದಿನ ಅಳತೆಯವರು ಬಂದರು. ಕೆಲಸದ ಕೋಣೆಯ ನಡುವೆ ದಾರ ಎಳೆದರು. "ನಮ್ಮ ಅರ್ಜಿ ರಾಜರ ಹತ್ರ ಇದೆ, ಕೇಳಿ ನೋಡಿ" ಎಂದರು ಅಜ್ಜ. ಅಳತೆಯವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವರ ಬೂಟಿನ ಸದ್ದು ಅಡಗಿದ ಮೇಲೆ ಸಿಸ್ಟರು ಆ ಕಾಗದ ತಂದು ಅಜ್ಜನ ತೊಡೆಯ ಮೇಲಿಟ್ಟರು. ಆರು ಜನರೆದುರು ಇದ್ದದ್ದು ಇದ್ದ ಹಾಗೆ ಹೇಳಿದರು.

ಅಜ್ಜ ಕಾಗದದ ಮಡಿಕೆಗಳನ್ನು ಬೆರಳಿನಿಂದ ನೋಡಿದರು. "ಗಡುವು ದಾಟಿ ಎಷ್ಟು ದಿನ ಆಯ್ತು?" ಎಂದು ಕೇಳಿದರು.

"ಒಂದು ದಿನ."

"ರಾಜರು ತಗೊಳ್ಳಲಿಲ್ಲ ಅಂತ ಅವತ್ತೇ ಅಂದಿದ್ರೆ ಒಂದು ರಾತ್ರಿ ನಿದ್ದೆ ಬರ್ತಿರಲಿಲ್ಲ. ಬೆಳಿಗ್ಗೆ ಎದ್ದು ಕಚೇರಿ ಬಾಗಿಲು ತಟ್ತಿದ್ದೆ. ನೀವು ನನ್ನ ನಲವತ್ತು ದಿನ ತಗೊಂಡ್ರಿ ಸಿಸ್ಟರಮ್ಮ."

ಗಂಟಕ್ಕ ತಡವಿ ಒಂದು ಬಿಳಿ ಹಾಳೆ ತಂದು ಸಿಸ್ಟರ ಮುಂದಿಟ್ಟಳು. ಅದೇ ಹೆಚ್ಚು ಚುಚ್ಚಿತು.

"ಈಗ ಬರೀರಿ," ಎಂದರು ಅಜ್ಜ. "ತಡ ಯಾಕಾಯ್ತು, ಯಾರಿಂದ ಆಯ್ತು, ಎಲ್ಲಾ. ಕೆಳಗೆ ನಿಮ್ಮ ಸಹಿ."

ಸಹಿ ಹಾಕಿದರೆ ಪರವಾನಗಿ ಹೋಗುತ್ತದೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಿಷನ್ನಿನ ಮೇಲಿನವರಿಗೆ ಫೋನು ಮಾಡಿದರೆ, ದುಡುಕಬೇಡಿ, ಪ್ರಾರ್ಥನೆ ಮಾಡಿ ಎಂದರು. ಪ್ರಾರ್ಥನೆಗೆ ಗಡುವು ಇರುವುದಿಲ್ಲವಾದ್ದರಿಂದ ಅದು ಬಹಳ ಜನರಿಗೆ ಅನುಕೂಲ. ಸಿಸ್ಟರು ಅಂದೇ ಬರೆದರು, ಗಟ್ಟಿಯಾಗಿ ಓದಿ ಹೇಳಿದರು, ಸಹಿ ಹಾಕಿ ತಾವೇ ಕಚೇರಿಗೆ ಕೊಟ್ಟು ಬಂದರು.

ತಡಕ್ಕೆ ಕೊಟ್ಟ ಕಾರಣ ಒಪ್ಪತಕ್ಕದ್ದೆಂದು ಕಚೇರಿ ವಿಚಾರಣೆಗೆ ದಿನ ಕೊಟ್ಟಿತು. ಅದೇ ವಾರ ಸಿಸ್ಟರಿಗೆ ಹತ್ತು ದಿನದಲ್ಲಿ ದೇಶ ಬಿಡುವಂತೆ ಆಜ್ಞೆಯೂ ಬಂತು. ವಿಚಾರಣೆ ನಡೆದದ್ದು ಆಕೆ ಅಲ್ಲಿಂದ ಹೊರಟು ಬಂದ ಮೇಲೆ. ಅರ್ಧ ಕೋಣೆ ಹೋಯಿತು, ಅರ್ಧ ಉಳಿಯಿತು, ನಾಲ್ಕು ಜನಕ್ಕೆ ಸಾಲುತ್ತದೆ ಎಂದು ಅಂಚೆಯವನು ಬರೆದ. ಆ ನಾಲ್ವರು ಯಾರೆಂದು ಬರೆದಿರಲಿಲ್ಲ. ಆಕೆ ಕೇಳಿ ಬರೆದ ಎರಡು ಕಾಗದಕ್ಕೆ ಉತ್ತರ ಬಂದಿಲ್ಲ.

ಹೊರಡುವ ದಿನ ಬೆಳಿಗ್ಗೆ ಆಕೆ ಕೆಲಸದ ಕೋಣೆಗೆ ಹೋಗಿ ಕ್ಷಮಿಸಬೇಕೆಂದು ಕೇಳಿದರು. ಅಜ್ಜ ಕುರ್ಚಿಯ ಚೌಕಟ್ಟನ್ನು ಮಂಡಿಗೆ ಒತ್ತಿಕೊಂಡು ಎಳೆ ಬಿಗಿಯುತ್ತಿದ್ದರು.

"ಅದನ್ನ ನಿಮ್ಮ ದೇವರ ಹತ್ರ ಕೇಳಿ, ಅವನಿಗೆ ಬಿಡುವಿರುತ್ತೆ," ಎಂದರು. "ಕೆಲಸ ನಡೀತಿದೆ ಅಂತ ವಿಚಾರಣೆಗೆ ಬಂದೋರಿಗೆ ತೋರಿಸಬೇಕು. ಇನ್ನೂ ಎಂಟು ಕುರ್ಚಿ ಇವೆ. ಬೆತ್ತ ಒಣಗ್ತಾ ಇದೆ ನೋಡಿ."

ಆಕೆ ಚೀಲ ಬಾಗಿಲ ಬಳಿ ಇಟ್ಟು, ತೊಟ್ಟಿಗೆ ನೀರು ತುಂಬಿ, ಬೆತ್ತದ ಸೀಳುಗಳನ್ನು ಒಂದೊಂದಾಗಿ ಮುಳುಗಿಸುತ್ತ ಕೂತರು. ಗಾಡಿಯವನು ಎರಡು ಸಲ ಹಾರನ್ ಮಾಡಿದ. ಸಾಕು, ಹೋಗಿ ಎಂದು ಅಜ್ಜ ಹೇಳಲಿಲ್ಲ. ಮೂರನೆಯ ಸಲಕ್ಕೆ ಆಕೆ ಒದ್ದೆ ಕೈಯಲ್ಲೇ ಎದ್ದು ಹೊರಟರು.